ಅಂಚಿನೂರಿನ ಕಿರಾಣಿ ಅಂಗಡಿ: ಠಾಣೆ–ಕಳವಾ–ಕಲ್ಯಾಣ ಪ್ರದೇಶದ ಚರಿತ್ರೆ

ಅಂಚಿನೂರಿನ ಕಿರಾಣಿ ಅಂಗಡಿ ಎಂದರೆ ದೊಡ್ಡ ಪೇಟೆಯ ಸಗಟು ಮಾರುಕಟ್ಟೆಗೂ ಅದರ ಹೊರವಲಯದ ಹಳ್ಳಿ, ಚಾಳು (ಸಾಲು ಕೋಣೆಗಳ ವಸತಿ), ಕಾರ್ಮಿಕ ವಸತಿಗಳಿಗೂ ನಡುವೆ ನಿಂತು, ಧಾನ್ಯ, ಎಣ್ಣೆ, ಉಪ್ಪು, ಬೆಲ್ಲ, ಮಸಾಲೆ, ಸಾಬೂನು ಮೊದಲಾದ ದಿನಬಳಕೆಯ ಸಾಮಾನನ್ನು ಸಣ್ಣ ಪ್ರಮಾಣದಲ್ಲಿ ನಗದಿಗೂ ಉದ್ರಿಗೂ ಮಾರುವ ಖಾಸಗಿ ಚಿಲ್ಲರೆ ಮಳಿಗೆ. ಉತ್ತರ ಕರ್ನಾಟಕದಲ್ಲಿ ಇದು ಕಿರಾಣಿ ಅಂಗಡಿ, ಹಳೆಯ ಮೈಸೂರಿನಲ್ಲಿ ದಿನಸಿ ಅಂಗಡಿ, ಕರಾವಳಿಯಲ್ಲಿ ಜಿನಸಿನ ಅಂಗಡಿ. ಮುಂಬಯಿ ಪ್ರದೇಶದ ಕನ್ನಡಿಗರಲ್ಲಿ ಮೊದಲನೆಯ ಹೆಸರೇ ರೂಢಿಯಾಗಿರುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸಿದೆ. ಬೀಡಾ ಅಂಗಡಿ, ಗೂಡಂಗಡಿ, ಸರ್ಕಾರಿ ಪರವಾನಗಿಯ ನ್ಯಾಯಬೆಲೆ ಅಂಗಡಿ ಇದರ ನೆರೆಯ ರೂಪಗಳಾದರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮಾರುಕಟ್ಟೆ ದೂರವಿದ್ದುದರಿಂದ ಇಂಥ ಅಂಗಡಿ ಹುಟ್ಟಿತೆಂಬುದು ಸಾಮಾನ್ಯ ವಿವರಣೆ. ಠಾಣೆ ಪ್ರದೇಶದ ಚರಿತ್ರೆಯನ್ನು ನೋಡಿದರೆ ಈ ವಿವರಣೆ ಅರ್ಧ ಮಾತ್ರ ನಿಜ. ರೈಲು, ರೇಷನ್, ಸಗಟು ಮಾರುಕಟ್ಟೆಯ ಸ್ಥಳಾಂತರ ಒಂದೊಂದೂ ದೂರವನ್ನು ಕಡಿಮೆ ಮಾಡಿದರೂ ಅಂಗಡಿ ಉಳಿಯಿತು. ವರ್ಷದ ಕೆಲವೇ ತಿಂಗಳು, ತಿಂಗಳ ಒಂದೇ ದಿನ ಕೈಸೇರುವ ದುಡ್ಡನ್ನು ದಿನದ ಊಟಕ್ಕೆ ಹೊಂದಿಸಿಕೊಡುವ ಕೆಲಸವೇ ಅದರ ಮುಖ್ಯ ಆಧಾರ.

ಪ್ರದೇಶ ಮತ್ತು ಹಿನ್ನೆಲೆ

ಕಳವಾ ಠಾಣೆ ನಗರದ ಎದುರು ದಡದಲ್ಲಿ, ಖಾಡಿಗೂ (ಅಳಿವೆಗೂ) ಪಾರಸಿಕ್ ಗುಡ್ಡಕ್ಕೂ ನಡುವೆ ಇರುವ ಊರು. ಠಾಣೆಯಿಂದ ಸೇತುವೆ ದಾಟಿದರೆ ಹಳೆಯ ಮುಂಬಯಿ–ಪುಣೆ ರಸ್ತೆ ಕಳವಾ, ಮುಂಬ್ರಾ ಮೂಲಕ ಪನ್ವೇಲ್ ಕಡೆಗೆ ಸಾಗುತ್ತದೆ. ದಕ್ಷಿಣಕ್ಕೆ ಠಾಣೆ–ಬೇಲಾಪುರ ರಸ್ತೆ ಇಂದಿನ ನವಿ ಮುಂಬಯಿಯನ್ನು ಸೀಳಿಕೊಂಡು ಹೋಗುತ್ತದೆ. ಈ ಪ್ರದೇಶವನ್ನು ಅಂಚು ಎನ್ನುವುದಕ್ಕೆ ಒಂದು ಆಕ್ಷೇಪ ಸಹಜ. ಕಲ್ಯಾಣ ಸಾತವಾಹನರ ಕಾಲದಿಂದಲೂ ಹೆಸರಾದ ಬಂದರು. ಕನ್ಹೇರಿ ಗುಹೆಗಳ ದಾನಶಾಸನಗಳಲ್ಲಿ ಕಲ್ಯಾಣದ ದಾನಿಗಳ ಉಲ್ಲೇಖವಿದೆ. ಠಾಣೆ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಆ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು, ಮತ್ತು ಅಮೋಘವರ್ಷನ ಆಳ್ವಿಕೆಯ ಶಾಸನಗಳು ಕನ್ಹೇರಿಯಲ್ಲೇ ದೊರೆತಿವೆ. ಇಷ್ಟು ಹಳೆಯ ವ್ಯಾಪಾರಕೇಂದ್ರಗಳಿದ್ದ ನಾಡು ಅಂಚು ಹೇಗಾದೀತು? ಬಂದರಿನ ವ್ಯಾಪಾರ ದಂಡೆಗೆ ಸೀಮಿತವಾಗಿದ್ದುದೇ ಇದಕ್ಕೆ ಉತ್ತರ. ದಂಡೆಯಿಂದ ಕೆಲವು ಮೈಲಿ ಒಳಗೆ ಹೋದರೆ ಭತ್ತದ ಗದ್ದೆ, ಉಪ್ಪಿನ ಆಗರ, ಮೀನುಗಾರರ ಕೇರಿ, ಅದರಾಚೆ ಕಾಡು. ಆಗ್ರಿ, ಕೋಳಿ, ಕುಣಬಿ, ವಾರಲಿ, ಕಾತಕರಿ ಜನರ ಈ ಊರುಗಳಿಗೆ ನಿತ್ಯದ ಪೇಟೆಯೂ ಇರಲಿಲ್ಲ, ನಿತ್ಯದ ಕೂಲಿಯೂ ಇರಲಿಲ್ಲ. ಇಲ್ಲಿ ಅಂಚು ಎಂದರೆ ನಿಯತವಾದ ಪೂರೈಕೆ ಮತ್ತು ನಿಯತವಾದ ಆದಾಯ ಎರಡೂ ಮುಗಿಯುವ ಗಡಿ. ಅದು ಕಾಲಕಾಲಕ್ಕೆ ಜಾಗ ಬದಲಿಸುತ್ತ ಬಂದಿದೆ.

ಉಗಮ

19ನೆಯ ಶತಮಾನದಲ್ಲಿ ಹಳ್ಳಿಯ ಖರೀದಿ ವಾರದ ಸಂತೆ ಮತ್ತು ಹೊತ್ತು ಮಾರುವವರ ಮೂಲಕ ನಡೆಯುತ್ತಿತ್ತು. ಸ್ಥಿರವಾದ ಅಂಗಡಿ ತೆರೆದವರು ಹೆಚ್ಚಾಗಿ ಗುಜರಾತಿ ಮತ್ತು ಮರಾಠಿ ವಾಣಿಗಳು, ಮಾರವಾಡಿಗಳು. ಉಪ್ಪು, ಎಣ್ಣೆ, ಬೆಲ್ಲ, ಮೆಣಸಿನಕಾಯಿ, ಹೊಗೆಸೊಪ್ಪು ಮಾರುವುದು ಅವರ ವ್ಯವಹಾರದ ಒಂದು ಮುಖ. ಭತ್ತ ಕೊಳ್ಳುವುದು ಮತ್ತು ಸಾಲ ಕೊಡುವುದು ಇನ್ನೊಂದು ಮುಖ. ಈ ಎರಡನ್ನು ಬೆಸೆದದ್ದು ಋತುಮಾನ. ಭತ್ತ ಮಳೆಗಾಲ ಕಳೆದ ಮೇಲೆ ಮನೆಗೆ ಬರುತ್ತದೆ. ಮುಂಬಯಿಯ ಕುದುರೆ, ದನಗಳಿಗೆ ಹೋಗುತ್ತಿದ್ದ ಹುಲ್ಲಿನ ಕೊಯ್ಲೂ ಆಗಲೇ. ಉಪ್ಪಿನ ಆಗರದ ಕೆಲಸ ಬೇಸಿಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯಲ್ಲಿ ದುಡಿಮೆ ಇದೆ, ಕೈಯಲ್ಲಿ ಕಾಸಿಲ್ಲ. ಈ ನಾಲ್ಕು ತಿಂಗಳನ್ನು ದಾಟಿಸುತ್ತಿದ್ದುದು ಅಂಗಡಿ. ಬಿತ್ತನೆಯ ವೇಳೆ ಪಡೆದ ಭತ್ತವನ್ನು ಸುಗ್ಗಿಯಲ್ಲಿ ಕಾಲು ಪಾಲು ಹೆಚ್ಚು ಸೇರಿಸಿ ಹಿಂದಿರುಗಿಸುವ ಕ್ರಮಕ್ಕೆ ಸವಾಯಿ ಎಂದೂ, ಅರ್ಧ ಪಾಲು ಸೇರಿಸುವುದಕ್ಕೆ ದಿಡಿ ಎಂದೂ ಹೆಸರು. ಕೆಲವೇ ತಿಂಗಳಿಗೆ ನೂರಕ್ಕೆ 25 ಅಥವಾ 50ರಷ್ಟು ಆಗುವ ಈ ಬಡ್ಡಿ ಭಾರವೇ ಸರಿ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕ ರೈಲು ಓಡಿತು. 1854ರ ಮೇ 1ಕ್ಕೆ ಹಳಿ ಕಲ್ಯಾಣ ಮುಟ್ಟಿತು. ಡೊಂಬಿವಲಿ ನಿಲ್ದಾಣ 1887ರದ್ದು. ಮುಂಬಯಿ ಪೇಟೆ ಒಂದೆರಡು ಗಂಟೆಯ ದಾರಿಯಾಯಿತು. ಅಂಗಡಿಗೆ ದೂರವೊಂದೇ ಕಾರಣವಾಗಿದ್ದರೆ ಈ ಹಳಿಯ ಅಕ್ಕಪಕ್ಕದಲ್ಲಿ ಅದು ಸೊರಗಬೇಕಿತ್ತು. ನಡೆದದ್ದು ಬೇರೆ: ನಿಲ್ದಾಣಗಳ ಸುತ್ತಲೇ ಅಂಗಡಿಸಾಲು ಬೆಳೆಯಿತು. ರೈಲಿನಿಂದ ಅಂಗಡಿಕಾರನಿಗೆ ಸಗಟು ಸಾಮಾನು ಸುಲಭವಾಯಿತು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಸಾಬೂನಿನಂಥ ಕಾರ್ಖಾನೆಯ ಸರಕು ಹಳ್ಳಿಗೆ ಬಂತು. ಗಿರಾಕಿಯ ಕೈಗೆ ದುಡ್ಡು ಬರುವ ಹೊತ್ತನ್ನು ಮಾತ್ರ ರೈಲು ಬದಲಿಸಲಿಲ್ಲ.

ಬೆಳವಣಿಗೆಯ ಘಟ್ಟಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸೈನಿಕರಿಗಾಗಿ ಕಟ್ಟಿದ್ದ ಶಿಬಿರಗಳಲ್ಲಿ 1947ರ ವಿಭಜನೆಯ ನಂತರ ಸಿಂಧಿ ನಿರಾಶ್ರಿತರನ್ನು ನೆಲೆಗೊಳಿಸಲಾಯಿತು. ಕಲ್ಯಾಣ ಕ್ಯಾಂಪ್ ಎನ್ನುತ್ತಿದ್ದ ಈ ಜಾಗ 1949ರಲ್ಲಿ ಉಲ್ಹಾಸನಗರವಾಯಿತು. ಬರಾಕುಗಳ ಮುಂದೆ ತೆರೆದ ಚಿಕ್ಕ ಅಂಗಡಿಗಳು ಕೆಲವೇ ದಶಕಗಳಲ್ಲಿ ಇಡೀ ಪ್ರದೇಶಕ್ಕೆ ಸರಕು ಒದಗಿಸುವ ಪೇಟೆಯಾಗಿ ಬೆಳೆದವು. ಹಳ್ಳಿಯ ವಾಣಿಗೆ ಭೂಮಿಯ ಭದ್ರತೆ ಇದ್ದರೆ ಈ ಹೊಸ ಅಂಗಡಿಕಾರನಿಗೂ ಅವನ ಗಿರಾಕಿಗೂ ಭೂಮಿಯೇ ಇರಲಿಲ್ಲ. ಪರಸ್ಪರ ಪರಿಚಯವೊಂದೇ ಉದ್ರಿಗೆ ಜಾಮೀನು.

1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ ಠಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ, ಠಾಣೆ–ಬೇಲಾಪುರ ಪಟ್ಟಿಗಳಲ್ಲಿ ಕಾರ್ಖಾನೆಗಳು ಎದ್ದವು. ಕಳವಾ ಭಾಗಕ್ಕೆ ಸೀಮೆನ್ಸ್, ಮುಕುಂದ್, ಮಫತ್‌ಲಾಲ್‌ನಂಥ ದೊಡ್ಡ ಕಾರ್ಖಾನೆಗಳು ಬಂದವು. ವಿಟಾವಾ, ಖಾರೆಗಾಂವ್, ಕಳವಾಗಳ ಗದ್ದೆಯ ಬದಿಯಲ್ಲಿ ಚಾಳುಗಳು ಹುಟ್ಟಿದವು. ಪ್ರತಿ ಚಾಳಿನ ಮೂಲೆಯ ಕೋಣೆ ಕಿರಾಣಿ ಅಂಗಡಿಯಾಯಿತು. ಸಾಲದ ಅವಧಿ ಸುಗ್ಗಿಯಿಂದ ತಿಂಗಳಿಗೆ ಇಳಿಯಿತು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಾರ್ಖಾನೆ ತಿಂಗಳ 7ನೆಯ ದಿನದೊಳಗೆ, ಉಳಿದವು 10ನೆಯ ದಿನದೊಳಗೆ ವೇತನ ಕೊಡಬೇಕೆಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. ಚಾಳಿನ ಅಂಗಡಿಯ ವಸೂಲಿಯ ದಿನಗಳೂ ಅವೇ.

1970ರಲ್ಲಿ ನಗರ ಮತ್ತು ಕೈಗಾರಿಕಾ ಅಭಿವೃದ್ಧಿ ನಿಗಮ (ಸಿಡ್ಕೊ) ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಮೊದಲಾಯಿತು. ವಾಶಿ, ನೆರೂಳ್, ಐರೋಲಿಯ ಸೆಕ್ಟರುಗಳಲ್ಲಿ ನಕ್ಷೆಯ ಪ್ರಕಾರ ಅಂಗಡಿ ಸಂಕೀರ್ಣಗಳು ಬಂದರೆ, ನಡುವೆ ಉಳಿದ ಹಳೆಯ ಗಾವಠಾಣಗಳಲ್ಲಿ (ಹಳ್ಳಿಯ ಮೂಲ ವಸತಿನೆಲೆಗಳಲ್ಲಿ) ಭೂಮಿ ಕಳೆದುಕೊಂಡ ಕುಟುಂಬಗಳೇ ಮನೆಯ ಮುಂಭಾಗವನ್ನು ಅಂಗಡಿ ಮಾಡಿದವು ಅಥವಾ ಬಾಡಿಗೆಗೆ ಕೊಟ್ಟವು. 1977ರಲ್ಲಿ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ರಚನೆಯಾಯಿತು. ಮುಂದಿನ ಎರಡು ದಶಕಗಳಲ್ಲಿ ಈರುಳ್ಳಿ–ಬಟಾಟೆ, ಧಾನ್ಯ, ಮಸಾಲೆ, ಹಣ್ಣು, ತರಕಾರಿಯ ಸಗಟು ಪೇಟೆಗಳು ಮುಂಬಯಿ ದ್ವೀಪದಿಂದ ವಾಶಿ–ತುರ್ಭೆಗೆ ಸರಿದವು. ಮಸ್ಜಿದ್ ಬಂದರಿನ ದಾಣಾಬಂದರಿಗೆ ಹೋಗಿ ಬರಬೇಕಿದ್ದ ಕಳವಾದ ಅಂಗಡಿಕಾರನಿಗೆ ಸಗಟು ಪೇಟೆ ಠಾಣೆ–ಬೇಲಾಪುರ ರಸ್ತೆಯಲ್ಲೇ ಸಿಕ್ಕಿತು. ದೂರದ ವಾದಕ್ಕೆ ಇದು ಎರಡನೆಯ ಪರೀಕ್ಷೆ. ಪೇಟೆಯೇ ಪಕ್ಕಕ್ಕೆ ಬಂದರೂ ಗೃಹಿಣಿ ಅಲ್ಲಿಗೆ ಹೋಗಿ ಮೂಟೆ ಕೊಳ್ಳಲಿಲ್ಲ. ಮೂಟೆ ಕೊಳ್ಳುವ ದುಡ್ಡು ಒಮ್ಮೆಗೇ ಅವಳ ಕೈಯಲ್ಲಿ ಇರಲಿಲ್ಲ.

ರಚನೆ ಮತ್ತು ಸಾಮಾನು

ಮಾದರಿ ಅಂಗಡಿ ಒಂದೇ ಕೋಣೆಯದು. ಎದುರಿಗೆ ಗಲ್ಲಾ, ಅದರ ಪಕ್ಕದಲ್ಲಿ ತಕ್ಕಡಿ. ಮುಂಭಾಗದಲ್ಲಿ ಬಾಯಿ ಹೊರಕ್ಕೆ ಮಡಚಿದ ಗೋಣಿಚೀಲಗಳಲ್ಲಿ ಅಕ್ಕಿ, ಗೋಧಿ, ಜೋಳ, ಬೇಳೆ. ಹಿಂದಿನ ಹಲಗೆಗಳ ಮೇಲೆ ಡಬ್ಬ, ಬರಣಿ, ಪ್ಯಾಕೆಟ್ಟು. ಎತ್ತರದ ಛಾವಣಿ ಇದ್ದರೆ ಅರ್ಧಕ್ಕೆ ಹಲಗೆ ಹಾಸಿ ಮಾಳಿಗೆ ಮಾಡಿ ಸರಕು ತುಂಬುತ್ತಾರೆ. ಕೆಲಸದ ಹುಡುಗನ ಮಲಗುವ ಜಾಗವೂ ಹಲವೆಡೆ ಅದೇ. ಹಳೆಯ ಅಂಗಡಿಗಳಿಗೆ ಒಂದೊಂದಾಗಿ ಸರಿಸಿ ಜೋಡಿಸುವ ಹಲಗೆ ಬಾಗಿಲು. ಈಗ ಕಬ್ಬಿಣದ ಶಟರ್. ಬಿಡಿ ಸಾಮಾನನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುರಿದು, ಅಂಚು ಒಳಕ್ಕೆ ಮಡಚಿ, ಮೇಲೆ ತೂಗುಬಿಟ್ಟ ಉಂಡೆಯಿಂದ ದಾರ ಎಳೆದು ಸುತ್ತಿ, ಗಂಟು ಹಾಕದೆ ಹರಿದು ಸಿಕ್ಕಿಸುವ ಪೊಟ್ಟಣ ಈ ಅಂಗಡಿಯ ಗುರುತಾಗಿತ್ತು. ಪ್ಲಾಸ್ಟಿಕ್ ಚೀಲ ಅದನ್ನು ಹಿಂದೆ ಸರಿಸಿತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೆ ಕಾಗದ, ಬಟ್ಟೆಯ ಚೀಲ ಭಾಗಶಃ ಮರಳಿದವು.

ಸಾಮಾನಿನ ಪಟ್ಟಿ ಕಾಲದೊಂದಿಗೆ ಬದಲಾಗಿದೆ. ಲೈಫ್‌ಬಾಯ್ ಸಾಬೂನು 1895ರಲ್ಲಿ, ಡಾಲ್ಡಾ ವನಸ್ಪತಿ 1937ರಲ್ಲಿ, ವಿಲೆಪಾರ್ಲೆಯ ಪಾರ್ಲೆ ಗ್ಲೂಕೊ ಬಿಸ್ಕತ್ತು 1939ರಲ್ಲಿ, ನಿರ್ಮಾ ಪುಡಿ 1969ರಲ್ಲಿ ಮಾರುಕಟ್ಟೆ ಕಂಡವು. 1980ರ ದಶಕದಲ್ಲಿ ಶಾಂಪೂ ಮೊದಲಾದವು ಒಂದು ಬಳಕೆಗಾಗುವ ಸ್ಯಾಷೆಯಲ್ಲಿ ಬಂದವು. ಕಾಲು ಕಿಲೋ ಸಕ್ಕರೆ, ಐದು ರೂಪಾಯಿಯ ಎಣ್ಣೆ ಕೊಡುವುದು ಈ ಅಂಗಡಿಯ ಹಳೆಯ ಪದ್ಧತಿ. ಕಾರ್ಖಾನೆಗಳು ಸ್ಯಾಷೆಯ ಮೂಲಕ ತಮ್ಮ ಸರಕನ್ನು ಅದೇ ಪದ್ಧತಿಗೆ ಒಗ್ಗಿಸಿಕೊಂಡವು.

ವಿಧಗಳು

ಸ್ಥಳ ಮತ್ತು ಗಿರಾಕಿಯ ಆದಾಯದ ರೀತಿಯನ್ನು ಅನುಸರಿಸಿ ಈ ಅಂಗಡಿಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಗಾವಠಾಣದ ಅಂಗಡಿ. ಮನೆಯ ಭಾಗವೇ ಆಗಿದ್ದು ಊರವರೊಂದಿಗೆ ಋತುಮಾನದ ಲೆಕ್ಕ ಇಡುತ್ತದೆ. ಎರಡನೆಯದು ಚಾಳಿನ ಅಂಗಡಿ. ಸಂಬಳದವರದು ತಿಂಗಳ ಲೆಕ್ಕ, ದಿನಗೂಲಿಯವರದು ವಾರದ ಲೆಕ್ಕ. ಮೂರನೆಯದು ನಿಲ್ದಾಣದ ಬದಿಯ ಅಂಗಡಿ. ಲೋಕಲ್ ರೈಲು ಇಳಿದು ಮನೆಗೆ ಹೋಗುವವರಿಗೆ ನಗದಿನ ವ್ಯಾಪಾರ, ಉದ್ರಿ ವಿರಳ. ನಾಲ್ಕನೆಯದು ವಸತಿ ಸೊಸೈಟಿಯ ನೆಲಮಹಡಿಯ ಜನರಲ್ ಸ್ಟೋರ್. ತಿಂಗಳ ಸಾಮಾನಿನ ಚೀಟಿ ಪಡೆದು ಮನೆಗೆ ಮುಟ್ಟಿಸುವುದು ಇದರ ವೈಶಿಷ್ಟ್ಯ.

ಈ ನಾಲ್ಕರಲ್ಲೂ ಪ್ರಾಂತೀಯ ಸಾಮಾನು ಇಡುವ ಅಂಗಡಿಗಳಿವೆ. ಡೊಂಬಿವಲಿ, ಠಾಣೆ, ಕಳವಾ, ನವಿ ಮುಂಬಯಿಗಳಲ್ಲಿ ಹೋಟೆಲ್, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ನೆಲೆಸಿದ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಮೂಲದ ಕುಟುಂಬಗಳಿಗೆ ಕೆಂಪು ಕುಚ್ಚಲಕ್ಕಿ, ತೆಂಗಿನೆಣ್ಣೆ, ಬ್ಯಾಡಗಿ ಮೆಣಸು, ಹಪ್ಪಳ, ಉಪ್ಪಿನಕಾಯಿ ಬೇಕು. ಕಟ್ಟಡ ಮತ್ತು ರಸ್ತೆಯ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರ ಭಾಗದವರಿಗೆ ಜೋಳ, ಶೇಂಗಾ, ಖಾರಪುಡಿ ಬೇಕು. ಒಂದೇ ಭಾಷೆಯ ಈ ಎರಡು ಗುಂಪುಗಳ ಲೆಕ್ಕದ ರೀತಿ ಬೇರೆ. ಮೊದಲನೆಯದರಲ್ಲಿ ಸಂಬಳದಾರರು ಹೆಚ್ಚು. ತಿಂಗಳಿಗೊಮ್ಮೆ ಲೆಕ್ಕ ತೀರುತ್ತದೆ. ಎರಡನೆಯದರಲ್ಲಿ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಂತು ದಿನದ ಕೆಲಸ ಹಿಡಿಯುವವರು ಬಹಳ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಬಾಕಿ ಏರುತ್ತದೆ, ಮಳೆ ಕಳೆದ ಮೇಲೆ ಇಳಿಯುತ್ತದೆ. ಭತ್ತದ ಕಾಲದ ಆಗ್ರಿ ರೈತನ ಲೆಕ್ಕವೂ ಇದೇ ಏರಿಳಿತದ್ದು.

ಉದ್ರಿ ಮತ್ತು ಲೆಕ್ಕಪತ್ರ

ಅಂಗಡಿಯ ಲೆಕ್ಕ ಮುಖ್ಯವಾಗಿ ಎರಡು ಪುಸ್ತಕಗಳಲ್ಲಿ ಇರುತ್ತದೆ: ದಿನದ ವ್ಯವಹಾರ ಬರೆಯುವ ಕಿರ್ದಿ, ಗಿರಾಕಿವಾರು ಬಾಕಿ ತೋರಿಸುವ ಖತಾವಣಿ. ಹಿಂದೆ ಮರಾಠಿ ವ್ಯಾಪಾರಿಗಳು ಮೋಡಿ ಲಿಪಿಯಲ್ಲಿ, ಗುಜರಾತಿ ಮತ್ತು ಮಾರವಾಡಿಗಳು ತಮ್ಮ ತಮ್ಮ ಲಿಪಿಗಳಲ್ಲಿ ಬರೆಯುತ್ತಿದ್ದರು. ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ವರ್ಷ ಆರಂಭಿಸುವ ರೂಢಿ ಇನ್ನೂ ಇದೆ. ಚಾಳಿನ ಅಂಗಡಿಯಲ್ಲಿ ಗಿರಾಕಿಯ ಹೆಸರಿನೊಂದಿಗೆ ಕೋಣೆಯ ಸಂಖ್ಯೆ ಬರೆಯುತ್ತಾರೆ. ಪ್ರತಿ ಮನೆಯಲ್ಲೂ ಒಂದು ಚಿಕ್ಕ ಪುಸ್ತಕವಿದ್ದು, ಸಾಮಾನಿಗೆ ಬಂದ ಮಗು ಅದನ್ನು ತರುತ್ತದೆ. ಅಂಗಡಿಕಾರ ದಿನಾಂಕ, ಸಾಮಾನು, ಮೊತ್ತವನ್ನು ಎರಡೂ ಪುಸ್ತಕಗಳಲ್ಲಿ ಬರೆಯುತ್ತಾನೆ. ಹಣ ಸಂದಾಯವಾದ ದಿನ ಅಡ್ಡಗೆರೆ ಎಳೆದು ಹೊಸ ಲೆಕ್ಕ ಮೊದಲಾಗುತ್ತದೆ. ಬಾಕಿ ಪೂರ್ತಿ ತೀರದಿದ್ದರೆ ಉಳಿದದ್ದನ್ನು ಗೆರೆಯ ಕೆಳಗೆ ಮೊದಲ ಸಾಲಾಗಿ ಬರೆಯುತ್ತಾರೆ. ಇದಕ್ಕೆ ಅಡಮಾನವಿಲ್ಲ, ಸಾಮಾನ್ಯವಾಗಿ ಲಿಖಿತ ಬಡ್ಡಿಯೂ ಇಲ್ಲ. ಬಾಕಿದಾರ ಬೇರೆ ಅಂಗಡಿಗೆ ಹೋದರೆ ಅಲ್ಲಿ ಹೊಸದಾಗಿ ವಿಶ್ವಾಸ ಗಳಿಸಬೇಕಾಗುವುದೇ ವಸೂಲಿಯ ಮುಖ್ಯ ಬಲ.

ಅಳತೆ, ತೂಕ ಮತ್ತು ಕಾನೂನು

ಹಿಂದೆ ಧಾನ್ಯವನ್ನು ಶೇರು, ಪಾಯಲಿಗಳಲ್ಲಿ ಅಳೆಯುತ್ತಿದ್ದರು; ತೂಕಕ್ಕೆ ಮಣ. ಬೊಂಬಾಯಿ ಮಣ 28 ಪೌಂಡು, ರೈಲ್ವೆಯ ಮಣ ಸುಮಾರು 82 ಪೌಂಡು. ಒಂದೇ ಹೆಸರಿನ ಎರಡು ತೂಕಗಳು ಮೋಸಕ್ಕೆ ಎಡೆಮಾಡಿಕೊಡುವಂತಿದ್ದವು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದಿತು. 1957ರ ಏಪ್ರಿಲ್ 1ರಿಂದ ನಾಣ್ಯವೂ ದಶಮಾಂಶವಾಯಿತು. 1977ರ ನಿಯಮಗಳು ಪೊಟ್ಟಣದ ಮೇಲೆ ತೂಕ, ಬೆಲೆ ಮುದ್ರಿಸುವುದನ್ನು ಕಡ್ಡಾಯ ಮಾಡಿದವು. ಮುಂದೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯ ಮುದ್ರಣ ಕಡ್ಡಾಯವಾಯಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನ ಶಾಸ್ತ್ರ ಕಾಯಿದೆ.

ಸಾಲದ ಕಡೆ 1946ರ ಬೊಂಬಾಯಿ ಲೇವಾದೇವಿದಾರರ ಕಾಯಿದೆ ಮುಖ್ಯವಾದುದು. ಮಹಾರಾಷ್ಟ್ರದಲ್ಲಿ 2014ರ ಕಾಯಿದೆ ಅದರ ಸ್ಥಾನಕ್ಕೆ ಬಂದಿದೆ. ಅಂಗಡಿಯ ವೇಳೆ ಮತ್ತು ನೌಕರರ ಸ್ಥಿತಿಯನ್ನು 1948ರ ಬೊಂಬಾಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ನಿಯಂತ್ರಿಸಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಬೊಂಬಾಯಿ ರಾಜ್ಯದಲ್ಲೇ ಇದ್ದುದರಿಂದ ಅಲ್ಲಿನ ಕಿರಾಣಿ ವ್ಯಾಪಾರವೂ ಇದೇ ಶಾಸನಗಳ ಚೌಕಟ್ಟಿನಲ್ಲಿ ನಡೆಯುತ್ತಿತ್ತು. ಮಹಾರಾಷ್ಟ್ರದ 2017ರ ಹೊಸ ಕಾಯಿದೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೆ ನೋಂದಣಿಯ ಬದಲು ಸೂಚನೆ ಸಲ್ಲಿಸಿದರೆ ಸಾಕೆಂದಿತು; 2022ರ ತಿದ್ದುಪಡಿ ಇಂಥ ಸಣ್ಣ ಅಂಗಡಿಗೂ ಮರಾಠಿ ನಾಮಫಲಕ ಕಡ್ಡಾಯ ಮಾಡಿದೆ.

ನ್ಯಾಯಬೆಲೆ ಅಂಗಡಿಯೊಂದಿಗೆ ಸಂಬಂಧ

ಮುಂಬಯಿಯಲ್ಲಿ 1943ರ ಮೇ ತಿಂಗಳಲ್ಲಿ ಧಾನ್ಯದ ರೇಷನ್ ಜಾರಿಗೆ ಬಂತು. ನಂತರದ ದಶಕಗಳಲ್ಲಿ ಸಾರ್ವಜನಿಕ ವಿತರಣೆ ವ್ಯವಸ್ಥೆ ವಿಸ್ತರಿಸಿ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ ಅದು ಶಾಸನಬದ್ಧ ಹಕ್ಕಾಯಿತು. ಪೇಟೆಯ ಬೆಲೆಗಿಂತ ಬಹಳ ಅಗ್ಗದ ಧಾನ್ಯ ಹತ್ತಿರದಲ್ಲೇ ಸಿಕ್ಕರೆ ಕಿರಾಣಿ ಅಂಗಡಿಯ ಅಗತ್ಯವೇನು? ನ್ಯಾಯಬೆಲೆ ಅಂಗಡಿ ನಿಗದಿತ ಸರಕನ್ನು, ನಿಗದಿತ ಪ್ರಮಾಣದಲ್ಲಿ, ಕಾರ್ಡು ಇದ್ದವರಿಗೆ ಮಾತ್ರ ಕೊಡುತ್ತದೆ; ಧಾನ್ಯ ಉಚಿತವಾಗುವ ಮೊದಲು ಅದರ ಬೆಲೆ ನಗದಾಗಿಯೇ ಸಲ್ಲಬೇಕಿತ್ತು. ಬೇರೆ ಊರಿನಿಂದ ಹೊಸದಾಗಿ ಬಂದ ಕಾರ್ಮಿಕನ ಕಾರ್ಡು ಹುಟ್ಟೂರಿನಲ್ಲೇ ಉಳಿದಿರುತ್ತಿತ್ತು. ಹೀಗಾಗಿ ರೇಷನ್ ಧಾನ್ಯದ ಒಂದು ಪಾಲನ್ನು ಕಿರಾಣಿಯಿಂದ ಪಡೆದುಕೊಂಡಿತಾದರೂ ಉಳಿದ ಸಾಮಾನು ಮತ್ತು ಉದ್ರಿ ಕಿರಾಣಿಯಲ್ಲೇ ಉಳಿದವು.

ವಿಮರ್ಶೆಗಳು

ಕಿರಾಣಿ ಉದ್ರಿ ಲೇವಾದೇವಿಯ ಇನ್ನೊಂದು ಹೆಸರು ಎಂಬುದು ಮುಖ್ಯ ಆಕ್ಷೇಪ. 19ನೆಯ ಶತಮಾನದ ಮಟ್ಟಿಗೆ ಅದು ಸರಿ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟದ್ದು, ಅದರ ಫಲವಾಗಿ 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯಿದೆ ಬಂದದ್ದು ಇದಕ್ಕೆ ಸಾಕ್ಷಿ. ಅಲ್ಲಿ ಸಾಲಕ್ಕೆ ಭದ್ರತೆ ಭೂಮಿ. ಸಾಲ ತೀರದಿದ್ದರೆ ಹೊಲ ಹೋಗುತ್ತಿತ್ತು. 1946ರ ಲೇವಾದೇವಿದಾರರ ಕಾಯಿದೆ, 1948ರ ಬೊಂಬಾಯಿ ಗೇಣಿ ಕಾಯಿದೆ ಮತ್ತು ಗದ್ದೆಗಳೇ ಕಾರ್ಖಾನೆ, ಕಟ್ಟಡಗಳಿಗೆ ಹೋದದ್ದು, ಇವೆಲ್ಲ ಸೇರಿ ಈ ಪ್ರದೇಶದಲ್ಲಿ ಅಂಗಡಿಸಾಲಕ್ಕೂ ಭೂಮಿಗೂ ಇದ್ದ ನಂಟನ್ನು ಕಡಿದವು. ಇಂದಿನ ಚಾಳಿನ ಬಾಕಿ ಮೊತ್ತದಲ್ಲಿ ಚಿಕ್ಕದು, ಮತ್ತು ಸಾಲ ಮುಳುಗಿದರೆ ನಷ್ಟ ಮೊದಲು ಅಂಗಡಿಕಾರನದು. ಆದರೂ ಆಕ್ಷೇಪ ಪೂರ್ತಿ ಬಿದ್ದುಹೋಗುವುದಿಲ್ಲ. ಬಾಕಿ ಇರುವ ಗಿರಾಕಿ ಬಿಡಿ ಧಾನ್ಯದ ಬೆಲೆಯನ್ನಾಗಲಿ ಗುಣಮಟ್ಟವನ್ನಾಗಲಿ ಪ್ರಶ್ನಿಸುವುದು ಕಷ್ಟ. ಪೊಟ್ಟಣದ ಮೇಲೆ ಮುದ್ರಿತ ಬೆಲೆ ಬಂದ ಮೇಲೆ ಈ ಅಸಮತೆ ಕಡಿಮೆಯಾಯಿತು, ಬಿಡಿ ಸಾಮಾನಿನಲ್ಲಿ ಉಳಿದುಕೊಂಡಿತು.

ನಿಯತ ಸಂಬಳದ ಡೊಂಬಿವಲಿ, ವಾಶಿಯ ಮಧ್ಯಮವರ್ಗವೂ ಇದೇ ಅಂಗಡಿಗೆ ಹೋಗುವುದರಿಂದ ಅನಿಯತ ಆದಾಯದ ವಾದ ನಿಲ್ಲುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ತಿಂಗಳ ಸಂಬಳವೂ ದಿನದ ಖರ್ಚಿಗೆ ಹೊಂದದ ಆದಾಯವೇ. ತಿಂಗಳ ಸಾಮಾನಿನ ಬಾಕಿಯೂ ಉದ್ರಿಯೇ. ಜೊತೆಗೆ ಇವರಿಗೆ ಹೊತ್ತಿನ ಕೊರತೆ ಇದೆ. ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಮರಳುವ ಮನೆಗಳಿಗೆ ಚೀಟಿ ನೋಡಿ ಸಾಮಾನು ಮುಟ್ಟಿಸುವ ಅಂಗಡಿ ಬೇಕಾಗುತ್ತದೆ.

ಇಂದಿನ ಸ್ಥಿತಿ

ಕಳವಾ, ಮುಂಬ್ರಾ ಸೇರಿ 1982ರಲ್ಲಿ ಠಾಣೆ ಮಹಾನಗರಪಾಲಿಕೆ, ಮರುವರ್ಷ ಕಲ್ಯಾಣ–ಡೊಂಬಿವಲಿಯದು, 1992ರಲ್ಲಿ ನವಿ ಮುಂಬಯಿಯದು ಕಾರ್ಯಾರಂಭ ಮಾಡಿದವು. 2011ರ ಜನಗಣತಿಯಲ್ಲಿ ಅವಿಭಜಿತ ಠಾಣೆ ಜಿಲ್ಲೆಯ ಜನಸಂಖ್ಯೆ 1.10 ಕೋಟಿ ದಾಟಿ ದೇಶದಲ್ಲೇ ಮೊದಲನೆಯದಾಗಿತ್ತು. ಅಂಚು ಈಗ ದಿವಾ, ಶಿಳ್‌ಫಾಟಾ, ಟಿಟವಾಳಾ, ಬದಲಾಪುರಗಳ ಕಡೆಗೆ ಸರಿದಿದೆ. ಹೊಸ ಚಾಳು, ಹೊಸ ಕಟ್ಟಡ ಎದ್ದಲ್ಲಿ ಮೊದಲು ತೆರೆಯುವ ಮಳಿಗೆಗಳಲ್ಲಿ ಕಿರಾಣಿ ಅಂಗಡಿ ಒಂದು.

2002ರಲ್ಲಿ ಪವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್ ಠಾಣೆ, ಕಲ್ಯಾಣ, ನವಿ ಮುಂಬಯಿಗಳಿಗೂ ಹಬ್ಬಿದೆ. ನಗದು ಇದ್ದು ಒಮ್ಮೆಗೆ ತಿಂಗಳ ಸಾಮಾನು ಕೊಳ್ಳಬಲ್ಲವರನ್ನು ಇಂಥ ಮಳಿಗೆಗಳು ಸೆಳೆದಿವೆ. ಹೀಗಾಗಿ ಸೊಸೈಟಿಯ ಜನರಲ್ ಸ್ಟೋರಿಗೆ ತಟ್ಟಿದಷ್ಟು ಪೆಟ್ಟು ಚಾಳಿನ ಅಂಗಡಿಗೆ ತಟ್ಟಿಲ್ಲ. 2016ರ ನೋಟು ರದ್ದತಿ ಮತ್ತು ಯುಪಿಐ, 2017ರ ಜಿಎಸ್‌ಟಿ ಅಂಗಡಿಯ ವ್ಯವಹಾರವನ್ನು ಮೊಬೈಲಿಗೆ ತಂದವು. 2020ರ ಲಾಕ್‌ಡೌನಿನಲ್ಲಿ ಕಿರಾಣಿ ಅಗತ್ಯ ಸೇವೆಯೆಂದು ತೆರೆದಿತ್ತು. ಸುಮಾರು ಅದೇ ವೇಳೆಗೆ ಜಿಯೊಮಾರ್ಟ್ ಸ್ಥಳೀಯ ಅಂಗಡಿಗಳನ್ನು ಜೋಡಿಸಿಕೊಳ್ಳುವ ತನ್ನ ಪ್ರಯೋಗವನ್ನು ನವಿ ಮುಂಬಯಿ, ಠಾಣೆ, ಕಲ್ಯಾಣಗಳಲ್ಲೇ ಆರಂಭಿಸಿತು. ನಿಮಿಷಗಳಲ್ಲಿ ಮನೆಗೆ ಸಾಮಾನು ತರುವ ಆ್ಯಪ್‌ಗಳು ಈಗ ಮನೆಗೆ ಮುಟ್ಟಿಸುವ ಸೇವೆಗೂ ಪೈಪೋಟಿ ಒಡ್ಡಿವೆ.

ದೂರವನ್ನು ರೈಲು ಕಡಿಮೆ ಮಾಡಿತು, ಹೊತ್ತನ್ನು ಆ್ಯಪ್ ಉಳಿಸುತ್ತಿದೆ. ಅಡಮಾನವಿಲ್ಲದ, ಕೋಣೆಯ ಸಂಖ್ಯೆ ನೋಡಿ ಕೊಡುವ ಚಿಲ್ಲರೆ ಉದ್ರಿಯನ್ನು ದಿನಗೂಲಿಯ ಮನೆಗೆ ಅಷ್ಟೇ ಸಲೀಸಾಗಿ ಒದಗಿಸುವ ಬೇರೆ ವ್ಯವಸ್ಥೆ ಬಂದಿಲ್ಲ. ಆದ್ದರಿಂದ ಅಂಚಿನೂರಿನ ಕಿರಾಣಿ ಅಂಗಡಿಯ ಮುಂದಿನ ಗತಿಯನ್ನು ಸೂಪರ್‌ಮಾರ್ಕೆಟ್ಟುಗಳ ಸಂಖ್ಯೆಗಿಂತ ಆ ಪ್ರದೇಶದ ದುಡಿಮೆಯ ಸ್ಥಿರತೆ ಹೆಚ್ಚು ನಿರ್ಧರಿಸುತ್ತದೆ.